ವಸ್ತಿ

ಮಾಲನಬಿ ಅಂದ್ಲು: ಮುಂಜಾನೆ ಏಳರ ಗಾಡಿಗೆ ಹೋಗಿ
ಸಂಜಿಕ್ಕ ಹೊಳ್ಳಿ ಬರೂಣು.
ನಾ ಅಂದೆ: ಒಂದು ವಸ್ತಿ ಇರೂಣು.

ಈ ಮಾತು ಹುಟ್ಟಿದ್ದು ಹೆಂಗಸರ ವಾರ್ಡಿನ ಮೂಲ್ಯಾಗ,
ರಾತ್ರಿ ಮೂರಕ್ಕ, ಸಲಾಯಿನ್ ಹನಿ ಎಣಿಸ್ಕೋತ.
ಒಂಬತ್ತು ವರ್ಷ ಆತು, ಇನ್ನೂ ನಡದೈತಿ.
ಲಕ್ಕುಂಡಿ ಅಲ್ಲೇ ಐತಿ ಬಿಡು,
ಅದೆಲ್ಲಿ ಹೋಗ್ತೈತಿ.

ಅಕೀ ಲೆಕ್ಕ ಚೊಕ್ಕ.
ಹೋಗಾಕ ಸೊನ್ನಿ ರೂಪಾಯಿ ಚೀಟಿ, ಬರಾಕೂ ಸೊನ್ನಿ.
ಗದಗಿನ್ಯಾಗ ರೂಮಂದ್ರ ಎಂಟುನೂರು.
ಎಂಟುನೂರು ಕೊಟ್ಟು ಮಲಗಾಕ
ನಾವೇನು ನವಾಬನ ಮೊಮ್ಮಕ್ಕಳೇನ ಸಾವಕ್ಕಾ?

ಮತ್ತ ನೀರು.
ಎಂಟು ದಿನಕ್ಕೊಮ್ಮೆ ಬರೂ ನಳ
ಸೋಮವಾರ ನಸುಕಿನ್ಯಾಗ, ನಾಕಕ್ಕೋ ಐದಕ್ಕೋ.
ಬ್ಯಾರಲ್ಲು, ಕೊಡ, ಪಾತೇಲಿ, ಕುಕ್ಕರಿನ ಡಬ್ಬಿ ಸೈತ
ಬಾಯಿ ತಕ್ಕೊಂಡು ಕುಂತಿರ್ತಾವು.
ಆ ಹೊತ್ತಿನ್ಯಾಗ ಮನ್ಯಾಗ ಇಲ್ದಾಕಿ
ಮುಂದ ಎಂಟು ದಿನ ಬಾಯಿ ತಗೀಬಾರ್ದು.

ನಂದೂ ಒಂದು ಲೆಕ್ಕ ಇತ್ತು, ಯಾರಿಗೂ ಹೇಳಿದ್ದಿಲ್ಲ.
ಇಪ್ಪತ್ತಾರು ವರ್ಷ, ವಾರಕ್ಕ ಮೂರು ನೈಟ್ ಡ್ಯೂಟಿ,
ಗುಣಸಿ ನೋಡ್ರಿ, ನಾಕು ಸಾವಿರ ರಾತ್ರಿ
ಮನಿ ಹೊರಗ ಕಳದೀನಿ.
ಒಂದರಾಗೂ ಬೆನ್ನು ಹಾಸಗಿಗೆ ಹತ್ತಿಲ್ಲ.
ಹೊರಗ ಕಳದ ರಾತ್ರಿಗೂ ವಸ್ತಿಗೂ
ಏನು ಫರಕ ಐತಿ ಅಂತ
ಒಮ್ಮೆ ನೋಡಬೇಕಾಗಿತ್ತು, ಅಷ್ಟ.

ವಸ್ತಿ ಅಂದ್ರ ಯಾರ ಮನ್ಯಾಗ? ಅಂದ ನಮ್ಮ ಯಜಮಾನ.
ಯಾರ ಮನ್ಯಾಗೂ ಅಲ್ಲ ಅಂದೆ.
ಟೀವಿ ಆವಾಜು ಸಣ್ಣದು ಮಾಡಿ ಮಾರಿ ನೋಡಿದ,
ಜ್ವರ ಬಂದಾವೇನು ಅನ್ನೂವಂಗ.

ಕಡೀಕ ಒಂದು ಐತವಾರ ಹೊಂಟ್ವಿ.
ಬಾಯಿಲೆ ಒಪ್ಪಿದ್ದು ಹೊಳ್ಳಿ ಬರೂದು.
ಚೀಲದಾಗ ರೊಟ್ಟಿ ಗಂಟಿನ ಕೆಳಗ
ಪೇಪರಿನ್ಯಾಗ ಸುತ್ತಿದ ಒಂದು ನೈಟಿ.
ಅಣ್ಣಿಗೇರಿ ದಾಟಿದ್ರ ಎರಿ ಹೊಲ, ಕಡ್ಲಿ ಹಸರು,
ಮಾಲನಬಿ ಕಿಡಕಿಗೆ ತಲಿ ಕೊಟ್ಟು ಗೊರಕಿ.

ಲಕ್ಕುಂಡಿ ಬಾವಿ ಮೆಟ್ಲ ಇಳದು
ತಳದಾಗಿನ ಹಸರು ನೀರು ಬಾಳೊತ್ತು ನೋಡಿದ್ಲು.
ಎಷ್ಟು ರಾಜರು ಹೋದ್ರೋ, ಇದು ಇಲ್ಲೇ ವಸ್ತಿ ಐತಿ ನೋಡ,
ನಳ ಇಲ್ಲ, ಪಾಳಿ ಇಲ್ಲ.
ಅಷ್ಟಂದು ಮ್ಯಾಲೆ ಹತ್ತಿದ್ಲು.
ಮೊಣಕಾಲು ಹಿಡಕೊಂಡು ನಾನೂ ಹತ್ತಿದೆ.

ಗದಗಿನ ಬಸ್‌ಸ್ಟ್ಯಾಂಡಿನ್ಯಾಗ ಗಿರ್ಮಿಟ್ಟು, ಮಿರ್ಚಿ.
ಮಧ್ಯಾಹ್ನ ಎರಡು.
ಹುಬ್ಬಳ್ಳಿ ಗಾಡಿ ಎದುರಿಗೇ ನಿಂತಿತ್ತು.
ಮಾಲನಬಿ ಗಾಡಿ ನೋಡಿದ್ಲು, ನನ್ನ ಚೀಲ ನೋಡಿದ್ಲು.
ಪೇಪರಿನ ತುದಿ ಹೊರಗ ಬಂದಿತ್ತು.
ಏನೂ ಅನ್ನದ ರಸ್ತೆ ದಾಟಿದ್ಲು.

ಎಷ್ಟು ದಿನರೀ? ಲಾಜಿನ ಹುಡುಗ ಕೇಳಿದ.
ಸಂಜಿ ಏಳರ ತನಕ.
ಇಡೀ ರಾತ್ರಿ ರೊಕ್ಕ ಆಗ್ತೈತ್ರಿ.
ಆಗಲಿ, ಅಂದಾಕಿ ನಾನಲ್ಲ.

ಅಕೀ ಚೀಲದಾಗಿಂದ ಒಗದ ಚಾದರ ಬಂತು.
ಮಂದಿ ಹಾಸಗಿ ಮ್ಯಾಲೆ ಮಲಗೂ ಜೀವ ಅಲ್ಲದು,
ವಾರ್ಡಿನ ಚಾದರ ಬಾಳ ನೋಡೈತಿ.
ಪರದೆ ಎಳದ್ವಿ. ನಾ ನೈಟಿ ಹಾಕ್ಕೊಂಡೆ.
ಹಗಲಿನ್ಯಾಗ ರಾತ್ರಿ ಮಾಡೂದು
ನಮಗ ಯಾರೂ ಕಲಿಸಬೇಕಿಲ್ಲ.

ಮೂರಕ್ಕ ಎಚ್ಚರಾತು, ರೂಢಿ.
ಯಾವ ಬಾಟ್ಲಿ ಮುಗೀತು ಅಂತ ಮ್ಯಾಲೆ ನೋಡಿದೆ.
ಫ್ಯಾನು.
ಸಿಸ್ಟರ್ರೀ ಅಂತ ಯಾರೂ ಕರೀಲಿಲ್ಲ.
ಮಗ್ಗಲಾದೆ.

ಏಳಕ್ಕ ಕೀಲಿ ಕೊಟ್ರ
ನಿಮ್ಮ ರಾತ್ರಿ ಇನ್ನೂ ಐತಲ್ರೀ ಅಂದ ಹುಡುಗ.
ಇರ್ಲಿ ಬಿಡಪ್ಪಾ ಅಂದ್ಲು ಮಾಲನಬಿ.

ನಾಕೂ ಇಪ್ಪತ್ತಕ್ಕ ನಳ ಬಂತು.
ಪೈಪು ಹಿಡಕೊಂಡು ನಿಂತೆ.
ಬ್ಯಾರಲ್ಲಿನ ಸಪ್ಪಳ ದಪ್ಪ ಇದ್ದದ್ದು
ಸಣ್ಣಗಾಕ್ಕೋತ ಮ್ಯಾಲೆ ಬರಾಕತ್ತಿತ್ತು.
ಗದಗಿನ ಆ ರೂಮಿನ್ಯಾಗ
ಎಂಟುನೂರು ಕೊಟ್ಟ ನಮ್ಮ ರಾತ್ರಿ
ಒಂದ ಮಲಗಿರಬೇಕು ಈಗ,
ಬಾಗಲಾ ಹಾಕ್ಕೊಂಡು, ಫ್ಯಾನ್ ಹಚ್ಚಿ.